ಕೂರ್ಮಗಡದ ಮರೆಯಲ್ಲಿ ಒಂದು ರಾತ್ರಿ: ಲಂಗರು ಎಲ್ಲಿ ಬಿಡಬೇಕು, ಹಗ್ಗ ಎಷ್ಟು ಬೇಕು?

ಕೋಡಿಬಾಗ ಕಡವು
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ಕಾರವಾರದ ಕಾಳಿ ನದಿಯ ಅಳಿವೆಯಿಂದ ಮಧ್ಯಾಹ್ನ 3ಕ್ಕೆ ಹೊರಟು, ಕೂರ್ಮಗಡ ದ್ವೀಪದ ಮೂಡಣ ಬದಿಯಲ್ಲಿ ಬೋಟು ನಿಲ್ಲಿಸಿ, ರಾತ್ರಿ ಅಲ್ಲೇ ಕಳೆದು ಬೆಳಿಗ್ಗೆ 8ಕ್ಕೆ ವಾಪಸ್ ಬರುವ ಯೋಚನೆ ಇದೆ. ದ್ವೀಪಕ್ಕೆ ಇಳಿಯುವುದಿಲ್ಲ, ಮಲಗುವುದು ಬೋಟಿನಲ್ಲೇ. ನಾಲ್ಕು ಜನ ಇರುತ್ತೇವೆ.

ಬೋಟು 22 ಅಡಿ ಫೈಬರ್, 25 ಎಚ್‌ಪಿ ಔಟ್‌ಬೋರ್ಡ್. ನಾಲ್ಕು ಕೊಕ್ಕೆಯ ಲಂಗರು, 7 ಕೆಜಿ. ಬಲೆ ಅಂಗಡಿಯ ನೀಲಿ ಪ್ಲಾಸ್ಟಿಕ್ ಹಗ್ಗ 12 ಎಂಎಂ, 25 ಮೀಟರ್ ಇದೆ. ಸರಪಳಿ ಇಲ್ಲ. ಸಂಜೆ ಪಡುಗಾಳಿಗೆ ದ್ವೀಪವೇ ಅಡ್ಡ ಇರುವುದರಿಂದ ದಡಕ್ಕೆ ಹತ್ತಿರ, 20-30 ಮೀಟರ್ ದೂರದಲ್ಲಿ ನಿಂತರೆ ನೀರು ಸಪಾಟಾಗಿರುತ್ತದೆ ಎಂದು ಲೆಕ್ಕ. ಇಷ್ಟು ಸಾಕೇ? ತಪ್ಪಿದ್ದರೆ ಹೇಳಿ.

ಮೂಡುಗಾಳಿ
ಸಾಕಾಗುವುದಿಲ್ಲ. ಹಗ್ಗ, ಲಂಗರು ಆಮೇಲೆ ನೋಡೋಣ, ಮೊದಲು ಜಾಗದ ಲೆಕ್ಕವೇ ತಪ್ಪಿದೆ. ನೀವು ಸಂಜೆ 5ರ ಗಾಳಿ ನೋಡಿ ಜಾಗ ಆರಿಸಿದ್ದೀರಿ. ಡಿಸೆಂಬರ್‌ನಲ್ಲಿ ನಮ್ಮ ಕರಾವಳಿಯ ಗಾಳಿ ದಿನಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ. ಮಧ್ಯಾಹ್ನದಿಂದ ಸಂಜೆವರೆಗೆ ವಾಯವ್ಯದಿಂದ ಸಮುದ್ರದ ಗಾಳಿ. ಕತ್ತಲಾದ ಮೇಲೆ ಬೀಳುತ್ತದೆ. ನಡುರಾತ್ರಿ ಕಳೆದ ಮೇಲೆ ಘಟ್ಟದ ಕಡೆಯಿಂದ ತಣ್ಣನೆ ಮೂಡುಗಾಳಿ ಏಳುತ್ತದೆ. ಕಾಳಿ ಕಣಿವೆ ಕೊಳವೆಯ ಹಾಗೆ ಅದನ್ನು ನೇರ ಕೊಲ್ಲಿಗೆ ತಂದು ಬಿಡುತ್ತದೆ. ಬೆಳಗಿನ ಜಾವ 4ರಿಂದ 8ರ ತನಕ ಅದರದ್ದೇ ಜೋರು.

ಈಗ ನಿಮ್ಮ ಬೋಟು ಎಲ್ಲಿರುತ್ತದೆ ನೋಡಿ. ಸಂಜೆ ಲಂಗರಿನಿಂದ ಮೂಡಣಕ್ಕೆ, ದ್ವೀಪದಿಂದ ದೂರಕ್ಕೆ ಚಾಚಿಕೊಂಡು ನಿಂತಿತ್ತು. ಮೂಡುಗಾಳಿ ಬಂದಾಗ ಅರ್ಧ ಸುತ್ತು ತಿರುಗಿ, ಲಂಗರನ್ನು ದಾಟಿ, ಹಿಂಭಾಗ ನೇರ ಕಲ್ಲಿಗೆ ಕೊಟ್ಟು ನಿಲ್ಲುತ್ತದೆ. ಸಂಜೆ ಮರೆ ಕೊಟ್ಟ ದ್ವೀಪವೇ ಬೆಳಗಿನ ಜಾವ ಬೋಟಿನ ಬೆನ್ನಿಗೆ ಇರುವ ಬಂಡೆ. 25 ಮೀಟರ್ ಹಗ್ಗ ಬಿಟ್ಟು ದಡದಿಂದ 25 ಮೀಟರ್ ದೂರದಲ್ಲಿ ನಿಂತಿದ್ದರೆ, ಎಲ್ಲರೂ ನಿದ್ದೆಯಲ್ಲಿರುವಾಗ ಇಂಜಿನ್‌ನ ಕಾಲು ಕಲ್ಲಿಗೆ ತಾಗುತ್ತದೆ.

ಘಟ್ಟದ ಮೇಲಿನವ
ಸಿರ್ಸಿಯಲ್ಲಿ ಬೆಳಗಿನ ಚಳಿ ಜೋರಿದ್ದ ದಿನ ಮೂಡುಗಾಳಿಯೂ ಜೋರಿರುತ್ತದೆ ಎನ್ನುತ್ತಾರಲ್ಲ, ಅದು ಹೌದಾ?

ಮೂಡುಗಾಳಿ
ಹೌದು. ಆಕಾಶ ತಿಳಿಯಾಗಿ, ರಾತ್ರಿ ನೆಲ ಚೆನ್ನಾಗಿ ತಣಿದರೆ ನೆಲಕ್ಕೂ ನೀರಿಗೂ ಉಷ್ಣತೆಯ ಅಂತರ ಹೆಚ್ಚು, ಗಾಳಿಯೂ ಹೆಚ್ಚು. ಮೋಡ ಕವಿದ ರಾತ್ರಿ ಅಷ್ಟಿರುವುದಿಲ್ಲ. ಅಂದರೆ ನಕ್ಷತ್ರ ತುಂಬಿದ, ಎಲ್ಲರೂ ಬೋಟಿನಲ್ಲಿ ಮಲಗಬೇಕು ಎಂದು ಆಸೆಪಡುವ ರಾತ್ರಿಯೇ ಲಂಗರಿನ ಮೇಲೆ ಕಣ್ಣಿಡಬೇಕಾದ ರಾತ್ರಿ.

ಬೈತಖೋಲ ಬಂದರು
ಹಗ್ಗದ ವಿಷಯದಲ್ಲಿ ಅಷ್ಟು ಹೆದರಿಸಬೇಡಿ. ಇಲ್ಲಿಯ ದೋಣಿಯವರೆಲ್ಲ ಆಳದ ಮೂರು ಪಟ್ಟು ಹಗ್ಗ ಬಿಟ್ಟು ನಿಲ್ಲುತ್ತಾರೆ. ಕೊಲ್ಲಿಯಲ್ಲಿ ಆಳವೇ ಕಡಿಮೆ. 25 ಮೀಟರ್ ಧಾರಾಳ.

ಹಗ್ಗ-ಗಂಟು
ಅಣ್ಣ, ಅವರು ಮೂರು ಪಟ್ಟಿಗೆ ನಿಲ್ಲುವುದು ಬಲೆ ಬಿಟ್ಟು ಕಾಯುವ ಎರಡು ಗಂಟೆಗೆ. ಒಬ್ಬರಾದರೂ ಎಚ್ಚರ ಇರುತ್ತಾರೆ, ಇಂಜಿನ್ ಹಗ್ಗ ಎಳೆಯಲು ಕೈ ತಯಾರಿರುತ್ತದೆ. ನಾಲ್ಕೂ ಜನ ಮಲಗುವ ಬೋಟಿಗೆ ಆ ಲೆಕ್ಕ ಹಾಕಬಾರದು.

ಲೆಕ್ಕ ಹೀಗೆ. ಇಳಿತದಲ್ಲಿ 3 ಮೀಟರ್ ಆಳ ಇರುವ ಜಾಗ ಅಂದುಕೊಳ್ಳಿ. ಅಮಾವಾಸ್ಯೆ-ಹುಣ್ಣಿಮೆಯ ಆಸುಪಾಸು ಭರತಕ್ಕೆ 2 ಮೀಟರ್ ಸೇರಿಸಿ. ನೀರಿನ ಮಟ್ಟದಿಂದ ಬೋಟಿನ ಮೂತಿಯಲ್ಲಿ ಹಗ್ಗ ಹೊರಬೀಳುವ ಜಾಗಕ್ಕೆ 1 ಮೀಟರ್. ಇದನ್ನು ಬಹಳ ಜನ ಮರೆಯುತ್ತಾರೆ. ಒಟ್ಟು 6. ಪೂರ್ತಿ ಸರಪಳಿ ಇದ್ದರೆ ಐದು ಪಟ್ಟು, ಹಗ್ಗದ ತುದಿಗೆ ಸರಪಳಿ ಇದ್ದರೆ ಏಳು ಪಟ್ಟು. 6 ಏಳಲಿ 42. ಅಂದರೆ 50 ಮೀಟರ್ ಹಗ್ಗ ಬೋಟಿನಲ್ಲಿ ಇರಲೇಬೇಕು.

ಏಳು ಪಟ್ಟು ಯಾಕೆಂದರೆ, ಲಂಗರು ಹಿಡಿಯುವುದು ಭಾರದಿಂದಲ್ಲ, ನೆಲಕ್ಕೆ ಸಮನಾಗಿ ಎಳೆದಾಗ ಅಗೆದು ಒಳಹೋಗುವುದರಿಂದ. ಹಗ್ಗ ಮೇಲ್ಮುಖವಾಗಿ ಎಳೆದರೆ ಅದೇ ಲಂಗರು ಕಿತ್ತು ಬರುತ್ತದೆ. ಸರಪಳಿಯ ಕೆಲಸವೂ ಅದೇ: ತುದಿಯನ್ನು ನೆಲಕ್ಕೆ ಒತ್ತಿ ಹಿಡಿಯುವುದು, ಕಲ್ಲು ಚಿಪ್ಪಿಗೆ ಹಗ್ಗ ಸವೆಯದ ಹಾಗೆ ನೋಡುವುದು. ನಿಮ್ಮ ಬೋಟಿಗೆ 8 ಎಂಎಂ ಕಲಾಯಿ ಸರಪಳಿ 8 ಮೀಟರ್. ಮೀಟರಿಗೆ ಸುಮಾರು 1.4 ಕೆಜಿ, ಒಟ್ಟು 11 ಕೆಜಿ ಚಿಲ್ಲರೆ. ಒಬ್ಬರೇ ಎತ್ತಬಹುದು.

ನೀಲಿ ಹಗ್ಗ ಬೇಡ. ಅದು ಪಾಲಿಪ್ರೊಪಿಲೀನ್, ನೀರಲ್ಲಿ ತೇಲುತ್ತದೆ. ಗಾಳಿ ಬಿದ್ದಾಗ ಸಡಿಲಾಗಿ ಬೋಟಿನ ಸುತ್ತ ತೇಲಿ, ಇಂಜಿನ್ ಹಾಕಿದ ಕೂಡಲೇ ಪ್ರೊಪೆಲರಿಗೆ ಸುತ್ತಿಕೊಳ್ಳುತ್ತದೆ. ಬಿಸಿಲಿಗೆ ಎಳೆ ಪುಡಿಯಾಗುತ್ತದೆ, ಕೈಯಲ್ಲಿ ತಿಕ್ಕಿದರೆ ನೀಲಿ ಹುಡಿ ಬೀಳುತ್ತದಲ್ಲ, ಅದು ಹಗ್ಗದ ಆಯುಷ್ಯವೇ ಉದುರುವುದು. 12 ಎಂಎಂ ಮೂರೆಳೆ ನೈಲಾನ್ ತಗೊಳ್ಳಿ. ಅದು ಮುಳುಗುತ್ತದೆ, ತೆರೆ ಎಳೆದಾಗ ಹಿಗ್ಗಿ ಪೆಟ್ಟು ನುಂಗುತ್ತದೆ.

ಬೈತಖೋಲ ಬಂದರು
ಮಲಗುವ ಲೆಕ್ಕ ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಆದರೆ ನಾಲ್ಕು ಕೊಕ್ಕೆಯ ಲಂಗರನ್ನು ಬದಲಿಸಲೇಬೇಕು ಅಂತಲೂ ಹೇಳಿಬಿಡಿ, ಹೇಳದಿದ್ದರೆ ಅವರು ಅದಕ್ಕೇ ಸರಪಳಿ ಕಟ್ಟಿಕೊಂಡು ಹೊರಡುತ್ತಾರೆ. ಕೊಕ್ಕೆ ಲಂಗರು ಕಲ್ಲಿಗೆ. ನಮ್ಮ ಕೊಲ್ಲಿಯ ತಳ ಹೆಚ್ಚಿನ ಕಡೆ ಮೆತ್ತನೆ ಕೆಸರು. ಅಲ್ಲಿ ಅದು ಬಾಚಣಿಗೆ ಹಾಗೆ ಗೀರಿಕೊಂಡು ಬರುತ್ತದೆ.

ತದಡಿ ತೀರ
ಕೆಸರಿಗೆ ಡ್ಯಾನ್‌ಫೋರ್ತ್ ಮಾದರಿ, 8ರಿಂದ 10 ಕೆಜಿ. ಎರಡು ಅಗಲದ ಹಲಗೆ, ನಡುವೆ ತಿರುಗುವ ಕೀಲು. ಅದೇ ತೂಕದಲ್ಲಿ ಕೆಸರನ್ನು ಅಷ್ಟು ಹಿಡಿಯುವ ಬೇರೆ ಲಂಗರು ಕಡಿಮೆ.

ಮೂಡುಗಾಳಿ
ತದಡಿಯವರೇ, ಒಂದು ದಿಕ್ಕಿನ ಗಾಳಿಗೆ ಸರಿ. ಇಲ್ಲಿ ಗಾಳಿ ಪೂರ್ತಿ ಎದುರು ದಿಕ್ಕಿಗೆ ತಿರುಗುತ್ತದೆ. ಡ್ಯಾನ್‌ಫೋರ್ತ್‌ನ ದೌರ್ಬಲ್ಯ ಅದೇ. ಹಿಂದಿನಿಂದ ಎಳೆದಾಗ ಮಗುಚಿ ಕಿತ್ತುಬರುತ್ತದೆ. ಹಲಗೆ ನಡುವೆ ಕೆಸರು ಮೆತ್ತಿಕೊಂಡೋ ಚಿಪ್ಪು ಕೀಲಿಗೆ ಸಿಕ್ಕಿಯೋ ಇದ್ದರೆ ಮತ್ತೆ ಅಗೆಯುವುದೇ ಇಲ್ಲ, ನೆಲದ ಮೇಲೆ ಜಾರುತ್ತಾ ಹೋಗುತ್ತದೆ. ರಾತ್ರಿ 3ಕ್ಕೆ ಹೀಗಾದರೆ ಗೊತ್ತಾಗುವುದೂ ಇಲ್ಲ.

ತದಡಿ ತೀರ
ಒಪ್ಪುತ್ತೇನೆ. ಹಾಗಾದರೆ ಎರಡು ದಾರಿ. ಒಂದೋ ನೇಗಿಲು ಮಾದರಿಯ ಲಂಗರು, ಎಳೆತದ ದಿಕ್ಕು ಬದಲಾದಾಗ ಅದು ನೆಲದೊಳಗೇ ತಿರುಗಿಕೊಳ್ಳುವುದು ಹೆಚ್ಚು. ಇಲ್ಲವೇ ಎರಡು ಲಂಗರು: ಒಂದು ವಾಯವ್ಯಕ್ಕೆ, ಇನ್ನೊಂದು ಮೂಡಣಕ್ಕೆ, ನಡುವೆ ಬೋಟು, ಎರಡೂ ಹಗ್ಗ ಮೂತಿಗೇ. ಸಂಜೆ ಒಂದು ಎಳೆಯುತ್ತದೆ, ಬೆಳಿಗ್ಗೆ ಇನ್ನೊಂದು. ಯಾವ ಲಂಗರಿಗೂ ಹಿಂದಿನಿಂದ ಎಳೆತ ಬೀಳುವುದಿಲ್ಲ. ಬೋಟು ಸುತ್ತುವ ಜಾಗವೂ ಬಹಳ ಕಡಿಮೆಯಾಗುತ್ತದೆ.

ಹಾಕುವ ಕ್ರಮ: ಗಾಳಿಗೆ ಮೂತಿ ಕೊಟ್ಟು ಮೊದಲನೆಯದು ಬಿಡಿ. ಹಗ್ಗ ಬಿಡುತ್ತಾ ಹಿಂದೆ ಹೋಗಿ, ಬೇಕಾದ ಉದ್ದದ ಎರಡರಷ್ಟು ಬಿಟ್ಟಾಗ ಎರಡನೆಯದು ಇಳಿಸಿ. ಆಮೇಲೆ ಮೊದಲನೆಯ ಹಗ್ಗ ಎಳೆದುಕೊಳ್ಳುತ್ತಾ, ಎರಡನೆಯದು ಬಿಡುತ್ತಾ ನಡುವಿಗೆ ಬನ್ನಿ. ಅಂದರೆ ಮೊದಲನೆಯ ಹಗ್ಗ ಒಂದೇ 80 ಮೀಟರ್ ಮೇಲೆ ಬೇಕು. ಅಷ್ಟಿಲ್ಲದಿದ್ದರೆ ಚಿಕ್ಕ ದೋಣಿಯಲ್ಲಿ ಎರಡನೆಯದನ್ನು ಒಯ್ದು ಬಿಡಬೇಕು.

ಹಗ್ಗ-ಗಂಟು
ಮೊದಲ ಸಲ ಹೋಗುವವರಿಗೆ ಎರಡು ಲಂಗರು ಬೇಡ ಅಂತ ನನ್ನ ಅಭಿಪ್ರಾಯ. ಭರತ-ಇಳಿತಕ್ಕೆ ಬೋಟು ಒಂದೇ ಕಡೆಗೆ ಎರಡು ಸಲ ಸುತ್ತಿದರೆ ಹಗ್ಗ ಜಡೆ ಹೆಣೆದ ಹಾಗಾಗುತ್ತದೆ. ಅವಸರದಲ್ಲಿ ಹೊರಡಬೇಕಾದರೆ ಕತ್ತಲಲ್ಲಿ ಬಿಡಿಸಲು ಆಗುವುದಿಲ್ಲ. ಒಂದೇ ಒಳ್ಳೆಯ ಲಂಗರು, ಉದ್ದ ಹಗ್ಗ, ಸುತ್ತಲೂ ಖಾಲಿ ಜಾಗ. ಅದರಲ್ಲೇ ಮೊದಲು ಕೈ ಕುದುರಲಿ.

ತದಡಿ ತೀರ
ಹಗ್ಗ ಹೆಣೆದರೆ ಒಂದರ ತುದಿ ಬಿಚ್ಚಿ, ಡಬ್ಬಿ ಕಟ್ಟಿ ನೀರಿಗೆ ಬಿಟ್ಟು ಹೊರಡಬಹುದಲ್ಲ. ಆಮೇಲೆ ಬಂದು ಎತ್ತಿಕೊಂಡರಾಯಿತು. ಆದರೂ ಮೊದಲ ಸಲಕ್ಕೆ ನಿಮ್ಮ ಮಾತೇ ಸರಿ.

ಕೋಡಿಬಾಗ ಕಡವು
ತುಂಬಾ ಉಪಕಾರ. ಹಾಗಾದರೆ ದಡದಿಂದ ಎಷ್ಟು ದೂರ? ದೂರ ಹೋದರೆ ಮರೆ ತಪ್ಪುವುದಿಲ್ಲವೇ?

ಮೂಡುಗಾಳಿ
42 ಮೀಟರ್ ಹಗ್ಗ, ಬೋಟು 7 ಮೀಟರ್. ಲಂಗರು ನಡುಬಿಂದು ಆದರೆ ಸುತ್ತಲೂ 50 ಮೀಟರ್ ಬೋಟಿನ ಹಿಂಭಾಗ ತಲುಪುತ್ತದೆ. ಲಂಗರು ತಿರುಗಿ ಮತ್ತೆ ಹಿಡಿಯುವಾಗ 10-15 ಮೀಟರ್ ಜಾರಬಹುದು. ಅದರ ಮೇಲೆ ಎಚ್ಚೆತ್ತು ಇಂಜಿನ್ ಹಾಕುವಷ್ಟು ಜಾಗ ಬೇಡವೇ? ಇಳಿತದಲ್ಲಿ ಕಾಣುವ ಕಟ್ಟಕಡೆಯ ಕಲ್ಲಿನಿಂದ ಲಂಗರಿಗೆ 120 ಮೀಟರ್ ಇರಲಿ. ಭರತದಲ್ಲಿ ಕಾಣುವ ದಡದಿಂದ ಅಳೆಯಬೇಡಿ, ದ್ವೀಪದ ಬುಡದ ಬಂಡೆ ಭರತದಲ್ಲಿ ಮುಳುಗಿರುತ್ತದೆ.

ಮರೆ ತಪ್ಪುತ್ತದೆಯೇ ಅಂದರೆ, ಗಾಳಿಯ ಮರೆ ಸ್ವಲ್ಪ ತಪ್ಪುತ್ತದೆ. ಉದ್ದ ತೆರೆಗಂತೂ ಅಲ್ಲಿ ದಡದ ಹತ್ತಿರವೂ ಪೂರ್ತಿ ಮರೆ ಇಲ್ಲ.

ಹೊನ್ನಾವರ ಅಳಿವೆ
ಇದನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು, ಬಹಳ ಜನ ಮೋಸ ಹೋಗುವ ಜಾಗ ಇದು. ಸಣ್ಣ ದುಂಡು ದ್ವೀಪ ಗೋಡೆಯ ಹಾಗೆ ತೆರೆ ತಡೆಯುವುದಿಲ್ಲ. ಸ್ಥಳೀಯ ಗಾಳಿಯಿಂದ ಎದ್ದ ಗಿಡ್ಡ ತೆರೆ, ನಾಲ್ಕೈದು ಸೆಕೆಂಡಿಗೊಂದು ಬರುವುದು, ಅದು ನಿಲ್ಲುತ್ತದೆ. ಆದರೆ ದೂರದ ಸಮುದ್ರದಿಂದ ಬರುವ ಉದ್ದ ತೆರೆ, 12-15 ಸೆಕೆಂಡಿಗೊಂದು, ದ್ವೀಪದ ಎರಡೂ ತುದಿಯಲ್ಲಿ ಬಾಗಿ ಹಿಂಬದಿಗೆ ಬಂದು ಎದುರುಬದುರಾಗಿ ಸೇರುತ್ತದೆ. ಹಳ್ಳದ ನಡುವಿನ ಕಲ್ಲಿನ ಹಿಂದೆ ನೀರು ಎರಡು ಕಡೆಯಿಂದ ಬಂದು ಸುಳಿಯುವ ಹಾಗೆ. ಅದಕ್ಕೇ ದ್ವೀಪದ ಬೆನ್ನಿಗೆ ನಿಂತ ಬೋಟು ಗಾಳಿ ಇಲ್ಲದಿದ್ದರೂ ತೊಟ್ಟಿಲ ಹಾಗೆ ಅಡ್ಡಡ್ಡ ಹೊಯ್ದಾಡುವುದು. ಪಾತ್ರೆ ಉರುಳುತ್ತದೆ, ಯಾರಿಗೂ ನಿದ್ದೆ ಇಲ್ಲ.

ಇನ್‌ಕಾಯ್ಸ್‌ನ (ಕೇಂದ್ರ ಸರ್ಕಾರದ ಸಾಗರ ಮಾಹಿತಿ ಕೇಂದ್ರ) ಮುನ್ಸೂಚನೆಯಲ್ಲಿ ಅಲೆಯ ಎತ್ತರ ಮಾತ್ರ ನೋಡಿ ಬಿಡುತ್ತಾರೆ. ಒಂದು ಅಲೆಯಿಂದ ಇನ್ನೊಂದರ ನಡುವಿನ ಅವಧಿಯನ್ನೂ ನೋಡಿ. ಅರ್ಧ ಮೀಟರ್, 6 ಸೆಕೆಂಡ್ ಇದ್ದರೆ ಹೋಗಿ. 1 ಮೀಟರ್, 14 ಸೆಕೆಂಡ್ ಇದ್ದರೆ ಆ ರಾತ್ರಿ ದ್ವೀಪ ಬೇಡ.

ಅಂಕೋಲೆ ಅಕ್ಕ
ಡಿಸೆಂಬರ್ ಅಂದರೆ ಶಾಂತ ಸಮುದ್ರ ಅಂತ ಕಣ್ಣು ಮುಚ್ಚಿ ನಂಬಬೇಡಿ. ಓಖಿ ಚಂಡಮಾರುತ ಅರಬ್ಬೀ ಸಮುದ್ರದಲ್ಲಿದ್ದದ್ದು 2017ರ ಡಿಸೆಂಬರ್ ಮೊದಲ ವಾರ. ಚಂಡಮಾರುತ ನೂರಾರು ಕಿಲೋಮೀಟರ್ ಆಚೆ ಇದ್ದರೂ ಅದರ ಉದ್ದ ತೆರೆ ಗಾಳಿಗಿಂತ ಮುಂಚೆ ಇಲ್ಲಿಗೆ ಮುಟ್ಟುತ್ತದೆ. ಎಚ್ಚರಿಕೆಯಲ್ಲಿ ನಮ್ಮ ಜಿಲ್ಲೆಯನ್ನು ‘ಮಾಜಾಳಿಯಿಂದ ಭಟ್ಕಳ’ ಎಂದು ಬರೆದಿರುತ್ತಾರೆ, ಆ ಸಾಲು ಹುಡುಕಿ ಓದಿ.

ಘಟ್ಟದ ಮೇಲಿನವ
ಅಷ್ಟೆಲ್ಲ ತೊಂದರೆ ಇದ್ದರೆ ಅಂಜುದೀವ್ ಹತ್ತಿರ ನಿಲ್ಲಬಹುದಲ್ಲ? ದೊಡ್ಡ ದ್ವೀಪ, ಮರೆಯೂ ದೊಡ್ಡದು.

ಬೈತಖೋಲ ಬಂದರು
ಆ ಮಾತೇ ಬೇಡ ತಮ್ಮಾ. ಅದು ನೌಕಾಪಡೆಯ ಜಾಗ. 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಅಂಜುದೀವನ್ನು ಅಲೆತಡೆ ಗೋಡೆ ಕಟ್ಟಿ ನೆಲಕ್ಕೆ ಸೇರಿಸಿದ್ದಾರೆ. ಖಾಸಗಿ ಬೋಟು ಹತ್ತಿರ ಸುಳಿಯುವಂತಿಲ್ಲ.

ಅಂಕೋಲೆ ಅಕ್ಕ
ಮರೆ ಒಳ್ಳೆಯದು ಅನ್ನುವುದಂತೂ ಹಳೆಯ ಸತ್ಯ. ವಾಸ್ಕೊ ಡ ಗಾಮ 1498ರಲ್ಲಿ ಹಡಗು ನಿಲ್ಲಿಸಿ ನೀರು ತುಂಬಿಕೊಂಡದ್ದು ಅಲ್ಲೇ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಲು ಶುರುಮಾಡಿದ್ದೂ ಅದೇ ಕಾರಣಕ್ಕೆ. ಈಗಿನವರಿಗೆ ದೂರದಿಂದ ನೋಡುವ ದ್ವೀಪ ಅದು.

ಮಾಜಾಳಿ ರಂಪಣಿ
ಕೂರ್ಮಗಡವೋ ಕುರುಮಗಡವೋ? ಹೆಸರು ಸರಿಯಾಗಿ ಬರೆಯಿರಿ.

ಅಂಕೋಲೆ ಅಕ್ಕ
ಆಮೆಯ ಆಕಾರ ಅಂತ ಕೂರ್ಮಗಡ. ಬಾಯಲ್ಲಿ ಕುರುಮಗಡ ಆಗಿದೆ. ಎರಡೂ ನಡೆಯುತ್ತದೆ.

ಮಾಜಾಳಿ ರಂಪಣಿ
ಸರಿ. ಆ ನೀರಿನ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆಯಿಂದ ವಾಪಸಾಗುವ ಬೋಟು ಮಗುಚಿ 16 ಜನ ತೀರಿಕೊಂಡರು. ಹಗಲು ಹೊತ್ತು, ಕಣ್ಣಿಗೆ ಕಾಣುವಷ್ಟು ಹತ್ತಿರ ದಡ. ಲೈಫ್ ಜಾಕೆಟ್ ಸೀಟಿನ ಕೆಳಗೆ ತುರುಕಿಟ್ಟರೆ ಅದು ಇದ್ದೂ ಇಲ್ಲದ ಹಾಗೆ. ಹೋಗುವಾಗ, ಬರುವಾಗ, ರಾತ್ರಿ ಮೂತ್ರಕ್ಕೆ ಏಳುವಾಗಲೂ ಮೈಮೇಲೆ ಇರಲಿ. 22 ಅಡಿ ಬೋಟಿನ ಅಂಚಿನಲ್ಲಿ ನಿಂತು ಕತ್ತಲಲ್ಲಿ ಜಾರಿ ಬಿದ್ದರೆ ಮಲಗಿದವರಿಗೆ ಸದ್ದೂ ಕೇಳುವುದಿಲ್ಲ. ಅದಕ್ಕೆ ಒಂದು ಬಕೆಟ್ ಇಟ್ಟುಕೊಳ್ಳಿ, ನಾಚಿಕೆಯ ವಿಷಯ ಅಲ್ಲ.

ಇನ್ನೊಂದು: ಬೆಳಿಗ್ಗೆ ದೇವಬಾಗ, ಮಾಜಾಳಿ ದಂಡೆಯಲ್ಲಿ ರಂಪಣಿ (ದಂಡೆಗೆ ಎಳೆಯುವ ದೊಡ್ಡ ಬಲೆ) ಬಿಡುವವರಿರುತ್ತಾರೆ. ದಂಡೆಗೆ ಹತ್ತಿರ ಬೋಟು ಹಾಯಿಸಿ ಬಲೆ ಮೇಲೆ ಹೋಗಬೇಡಿ. ಸಂಜೆ ಬಿಟ್ಟ ಕಂತಬಲೆಗಳಿಗೆ ಥರ್ಮಾಕೋಲು ಇಲ್ಲವೇ ಡಬ್ಬಿ, ಮೇಲೆ ಬಟ್ಟೆಯ ಬಾವುಟ ಇರುತ್ತದೆ. ಎರಡು ಬಾವುಟದ ನಡುವೆ ಖಾಲಿ ಕಂಡರೆ ಅದು ದಾರಿಯಲ್ಲ, ಬಲೆ ಇರುವುದೇ ಅಲ್ಲಿ.

ಕೋಡಿಬಾಗ ಕಡವು
ಲೈಫ್ ಜಾಕೆಟ್ ಆರು ಇವೆ, ಹಾಕಿಕೊಂಡೇ ಇರುತ್ತೇವೆ. ಹೊರಡುವ ಹೊತ್ತು 3 ಗಂಟೆ ಸರಿಯೇ?

ಹೊನ್ನಾವರ ಅಳಿವೆ
ಗಡಿಯಾರ ನೋಡಿ ಅಳಿವೆ ದಾಟುವುದಲ್ಲ, ಭರತ ನೋಡಿ. ಶರಾವತಿ ಅಳಿವೆಯಲ್ಲಿ ಬೋಟು ಮಗುಚುವುದು ಹೆಚ್ಚಾಗಿ ಇಳಿತದಲ್ಲೇ. ಕಾಳಿಯ ಬಾಯಿ ಅಷ್ಟು ಕೆಟ್ಟದ್ದಲ್ಲ, ಆದರೆ ಕಾರಣ ಒಂದೇ. ಇಳಿತದ ನೀರು ಹೊರಗೆ ಓಡುತ್ತಿರುತ್ತದೆ, ಮಧ್ಯಾಹ್ನದ ಗಾಳಿ ಮತ್ತು ತೆರೆ ಒಳಗೆ ಬರುತ್ತಿರುತ್ತದೆ. ಎರಡೂ ಎದುರಾದ ಕಡೆ ತೆರೆ ಗಿಡ್ಡವಾಗಿ, ಕಡಿದಾಗಿ ಎದ್ದು, ಮರಳದಿಬ್ಬದ ಮೇಲೆ ಒಡೆಯುತ್ತದೆ. ಅರ್ಧ ಭರತದಿಂದ ಪೂರ್ತಿ ಭರತದ ನಡುವೆ ದಾಟಿ.

ನಮ್ಮಲ್ಲಿ ದಿನಕ್ಕೆ ಎರಡು ಭರತ, ಎರಡೂ ಒಂದೇ ಎತ್ತರ ಇರುವುದಿಲ್ಲ, ಹೊತ್ತು ದಿನಾ 50 ನಿಮಿಷದಷ್ಟು ಮುಂದೆ ಹೋಗುತ್ತದೆ. ಪಟ್ಟಿ ನೋಡಿ. ನಡುವಿನ ಲೆಕ್ಕಕ್ಕೆ ಹನ್ನೆರಡರ ಸೂತ್ರ ನೆನಪಿಡಿ: ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಆರು ಗಂಟೆಯಲ್ಲಿ ನೀರು ಏರುವುದು ಗಂಟೆಗೆ ಕ್ರಮವಾಗಿ 1, 2, 3, 3, 2, 1 ಪಾಲು. ಒಟ್ಟು ಏರಿಕೆ 1.8 ಮೀಟರ್ ಇದ್ದರೆ ಮೂರನೇ, ನಾಲ್ಕನೇ ಗಂಟೆಯಲ್ಲಿ ತಲಾ 45 ಸೆಂ.ಮೀ. ಸೆಳೆತ ಜೋರಿರುವುದೂ ಆಗಲೇ.

ಬೆಳಿಗ್ಗೆ ಒಳಬರುವಾಗ ಒಂದೇ ತೆರೆಯ ಬೆನ್ನ ಮೇಲೆ ಅದರ ವೇಗದಲ್ಲೇ ಬನ್ನಿ. ಅದನ್ನು ಹತ್ತಿ ದಾಟಬೇಡಿ, ಹಿಂದಿನದು ಹತ್ತಿರ ಬರಲೂ ಬಿಡಬೇಡಿ. ಅಡ್ಡ ತಿರುಗುವುದಂತೂ ಬೇಡವೇ ಬೇಡ. ಜನ ಮೂತಿಯಲ್ಲಿ ಕೂರಬಾರದು.

ಬೈತಖೋಲ ಬಂದರು
ಬೆಳಿಗ್ಗೆ ಮೂಡುಗಾಳಿ ಇಳಿತದ ಜೊತೆಗೇ ಹೊರಗೆ ಬೀಸುತ್ತದೆ, ಹಾಗಾಗಿ ಬೆಳಿಗ್ಗೆ ಯಾವ ಹೊತ್ತಿಗೆ ಬಂದರೂ ಅಳಿವೆ ಸಪಾಟು.

ಹೊನ್ನಾವರ ಅಳಿವೆ
ಅರ್ಧ ಸರಿ. ಗಾಳಿಯ ಗಿಡ್ಡ ತೆರೆ ಸಪಾಟಾಗುತ್ತದೆ. ಹೊರಗಿನ ಉದ್ದ ತೆರೆ ಇದ್ದರೆ ಇಳಿತದಲ್ಲಿ ದಿಬ್ಬದ ಮೇಲೆ ಬೆಳಿಗ್ಗೆಯೂ ಒಡೆಯುತ್ತದೆ. ಹೊರಗಿನಿಂದ ನೋಡಿದರೆ ತೆರೆಯ ಬೆನ್ನು ಮಾತ್ರ ಕಾಣುವುದರಿಂದ ಒಡೆಯುವುದು ಗೊತ್ತೇ ಆಗುವುದಿಲ್ಲ. ಹತ್ತು ನಿಮಿಷ ಹೊರಗೆ ನಿಂತು ನೋಡಿಯೇ ಬರಬೇಕು.

ಮಾಜಾಳಿ ರಂಪಣಿ
ಕಾಳಿ ಸೇತುವೆಯ ಮೇಲ್ದಂಡೆಯಿಂದ ಹೊರಡುವವರಾದರೆ, 2024ರ ಆಗಸ್ಟ್ 7ರಂದು ಕುಸಿದ ಹಳೇ ಸೇತುವೆಯ ಜಾಗದಲ್ಲಿ ಯಾವ ಕಂಬಗಳ ನಡುವೆ ಹಾಯಬೇಕು ಅಂತ ಅಲ್ಲಿಯ ದೋಣಿಯವರನ್ನೇ ಕೇಳಿ.

ಹಗ್ಗ-ಗಂಟು
ಲಂಗರು ಹಾಕುವ ಕ್ರಮ ಬರೆದಿಡುತ್ತೇನೆ, ಉಳಿದವರು ತಿದ್ದಿ. ಡಿಸೆಂಬರ್‌ನಲ್ಲಿ ಹೊತ್ತು ಮುಳುಗುವುದು 6ರ ಸುಮಾರಿಗೆ. 4:30ಕ್ಕೆಲ್ಲ ಅಲ್ಲಿರಿ. ಮೊದಲು ನಿಲ್ಲಬೇಕೆಂದಿರುವ ಜಾಗದ ಸುತ್ತ ನಿಧಾನ ಒಂದು ಸುತ್ತು ಹೊಡೆದು ಆಳ ನೋಡಿ. ಯಂತ್ರ ಇಲ್ಲದಿದ್ದರೆ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ, ಅದರ ತಳಕ್ಕೆ ಒಂದಿಷ್ಟು ಗ್ರೀಸ್ ಮೆತ್ತಿ ಇಳಿಸಿ. ಬೂದು ಕೆಸರು ಅಂಟಿಕೊಂಡು ಬಂದರೆ ಒಳ್ಳೆಯದು, ಮರಳಾದರೂ ಆದೀತು, ಏನೂ ಅಂಟದೆ ಗ್ರೀಸಿನಲ್ಲಿ ಗೀರು ಬಿದ್ದಿದ್ದರೆ ಕಲ್ಲು. ಕಲ್ಲಿದ್ದರೆ ಜಾಗ ಬದಲಿಸಿ.

ಗಾಳಿಗೆ ಮೂತಿ ಕೊಟ್ಟು ಬೋಟು ಪೂರ್ತಿ ನಿಂತ ಮೇಲೆ ಲಂಗರನ್ನು ಇಳಿಸಿ. ಎಸೆಯಬೇಡಿ. ಎಸೆದರೆ ಸರಪಳಿ ಲಂಗರಿನ ಮೇಲೆಯೇ ಗುಡ್ಡೆ ಬಿದ್ದು ಸುತ್ತಿಕೊಳ್ಳುತ್ತದೆ. ನೆಲ ಮುಟ್ಟಿದ ಮೇಲೆ ಬೋಟು ತಾನಾಗಿ ಹಿಂದೆ ಸರಿಯಲಿ, ಸರಿದಷ್ಟೇ ಹಗ್ಗ ಬಿಡಿ. 42 ಮೀಟರಿಗೆ ಕಟ್ಟಿ. ಹಗ್ಗಕ್ಕೆ 10 ಮೀಟರಿಗೊಂದು ಬಣ್ಣದ ದಾರ ಹೊಲಿದಿಟ್ಟರೆ ಲೆಕ್ಕ ತಪ್ಪುವುದಿಲ್ಲ.

ಕೆಸರಿನಲ್ಲಿ ಎಲ್ಲರೂ ಮಾಡುವ ತಪ್ಪು ಇದು: ಕೂಡಲೇ ರಿವರ್ಸ್ ಹಾಕಿ ಎಳೆಯುವುದು. ಮೆತ್ತನೆ ಕೆಸರಿನಲ್ಲಿ ಲಂಗರು ತನ್ನ ಭಾರಕ್ಕೆ ಕುಸಿದು ಕೂರಬೇಕು. 15-20 ನಿಮಿಷ ಬಿಡಿ, ಚಹಾ ಕುಡಿಯಿರಿ. ಆಮೇಲೆ ರಿವರ್ಸ್‌ನಲ್ಲಿ ಬರೀ ಐಡಲ್, ಅರ್ಧ ನಿಮಿಷ. ಹಿಡಿದರೆ ನಿಧಾನ ಹೆಚ್ಚಿಸಿ.

ಹಿಡಿದಿದೆಯೋ ಇಲ್ಲವೋ ಅಂತ ತಿಳಿಯಲು ಅಂಗೈಯನ್ನು ಬಿಗಿದ ಹಗ್ಗದ ಮೇಲೆ ಒತ್ತಿ ಇಡಿ, ಬೋಟಿನ ಹೊರಭಾಗದಲ್ಲಿ. ಹಿಡಿದ ಲಂಗರಿನ ಹಗ್ಗ ಬಿಗಿಯಾಗಿ, ತೆರೆಗೆ ಮೆಲ್ಲಗೆ ಹಿಗ್ಗಿ ಕುಗ್ಗುತ್ತದೆ, ಒಳಗೆ ಏನೂ ಸದ್ದಿಲ್ಲ. ಕಲ್ಲ ಮೇಲೆ ಜಾರುತ್ತಿದ್ದರೆ ಗಾಡಿ ಚಕ್ರ ಜಲ್ಲಿ ಮೇಲೆ ಹೋದ ಹಾಗೆ ಗಡಗಡ ಕೈಗೆ ಬರುತ್ತದೆ. ಕೆಸರಿನಲ್ಲಿ ಜಾರುವುದು ಮೋಸದ್ದು: ಬಿಗಿಯುತ್ತದೆ, ಸಣ್ಣಗೆ ನಡುಗುತ್ತದೆ, ಸಡಿಲಾಗುತ್ತದೆ, ಮತ್ತೆ ಬಿಗಿಯುತ್ತದೆ. ಹಾಗೆ ಎರಡು ಸಲ ಆದರೆ ಎತ್ತಿ ಮತ್ತೆ ಹಾಕಿ. ಬೇಸರ ಮಾಡಿಕೊಳ್ಳಬೇಡಿ, ಬೆಳಕಿರುವುದೇ ಅದಕ್ಕೆ.

ತದಡಿ ತೀರ
ಚೆನ್ನಾಗಿದೆ. ಒಂದು ಸೇರಿಸಿ: ಹಿಡಿದ ಮೇಲೆ ಸಾಲುಗುರುತು (ಒಂದರ ಹಿಂದೊಂದು ಸಾಲಾಗಿ ಕಾಣುವ ಎರಡು ಗುರುತು) ನೋಡಿಕೊಳ್ಳಿ. ದೇವಗಡದ ದೀಪಸ್ತಂಭ ಕೂರ್ಮಗಡದ ಯಾವ ಅಂಚಿಗೆ ಸರಿಯಾಗಿ ಕಾಣುತ್ತದೆ, ಸದಾಶಿವಗಡದ ಗುಡ್ಡದ ಕೆಳಗೆ ಯಾವ ದೀಪ. ಎರಡು ದಿಕ್ಕಿನಲ್ಲಿ ಎರಡು ಜೋಡಿ. ರಾತ್ರಿಗೆ ದೀಪಗಳ ಗುರುತು ಬೇರೆ ನೋಡಿಟ್ಟುಕೊಳ್ಳಿ, ಹಗಲಿನ ಮರ ರಾತ್ರಿ ಕಾಣುವುದಿಲ್ಲ. ಗುರುತಿನಿಂದ ಬೋಟು ದೂರ ಸರಿದರೆ ಕೂಗುವ ಮೊಬೈಲಿನ ಲಂಗರು ಅಲಾರಂ ಹಾಕುವುದಾದರೆ, ಲಂಗರು ಇಳಿಸಿದ ಕ್ಷಣದಲ್ಲೇ ಗುರುತು ಒತ್ತಬೇಕು. ಹಗ್ಗ ಬಿಟ್ಟಾದ ಮೇಲೆ ಬೋಟು ಇರುವ ಜಾಗಕ್ಕೆ ಒತ್ತಿದರೆ, ಮೂಡುಗಾಳಿಗೆ ಬೋಟು ತಿರುಗಿದಾಗ ಸುಮ್ಮನೆ ಕೂಗುತ್ತದೆ, ನೀವು ಆರಿಸಿ ಮಲಗುತ್ತೀರಿ, ಆಮೇಲೆ ನಿಜವಾಗಿ ಜಾರಿದಾಗ ಕೂಗಲು ಅದು ಇರುವುದಿಲ್ಲ.

ಅಂಕೋಲೆ ಅಕ್ಕ
ನೀರು ನೀಲಿಯಾಗಿ ಹೊಳೆಯುವ ರಾತ್ರಿಗಳಿರುತ್ತವಲ್ಲ, ನಾಕ್ಟಿಲೂಕಾ ಎಂಬ ಸೂಕ್ಷ್ಮಜೀವಿಯಿಂದ. ಅಂಥ ರಾತ್ರಿ ಹಗ್ಗ ನೀರಿಗೆ ಇಳಿಯುವ ಜಾಗ ಬಗ್ಗಿ ನೋಡಿ. ಸೆಳೆತ ಹಾಯುವಾಗ ಹಗ್ಗದ ಸುತ್ತ ನೀಲಿ ಗೆರೆ ಮೂಡಿ, ಎರಡು ಮೂರು ಮೀಟರ್ ಕೆಳಗಿನ ತನಕ ಹಗ್ಗ ಯಾವ ಓರೆಯಲ್ಲಿದೆ ಎಂದು ಟಾರ್ಚ್ ಇಲ್ಲದೆ ಕಾಣುತ್ತದೆ. ಅಷ್ಟು ಚೆಂದದ ಲಂಗರು ಕಾವಲು ಬೇರೆ ಇಲ್ಲ.

ಘಟ್ಟದ ಮೇಲಿನವ
ಇಂಥ ಹೊಯ್ದಾಟ ಇಲ್ಲದ, ಹವಳದ ದಿಬ್ಬದೊಳಗಿನ ಶಾಂತ ನೀರು, ಲಗೂನು ಬೇಕಾದರೆ ಲಕ್ಷದ್ವೀಪಕ್ಕೆ ಹೋಗಬೇಕೇನೋ. ಕಾರವಾರದಿಂದ ಹೋಗಲು ಬರುತ್ತದಾ?

ತದಡಿ ತೀರ
ದೊಡ್ಡ ಹಾಯಿದೋಣಿ ಇದ್ದರೆ. ಅಲ್ಲಿಯ ಬಂಗಾರಂ ದ್ವೀಪಕ್ಕೆ ಸುಮಾರು 255 ನಾಟಿಕಲ್ ಮೈಲು. ಗಂಟೆಗೆ 5 ಮೈಲಾದರೆ ಎರಡು ಹಗಲು ಎರಡು ರಾತ್ರಿ ಮೇಲೆ. ದ್ವೀಪಾಡಳಿತದ ಪ್ರವೇಶ ಪರವಾನಗಿ ಮೊದಲೇ ಬೇಕು. ಅಲ್ಲಿ ದಿಬ್ಬದ ಸಂದಿಯಿಂದ ಲಗೂನಿಗೆ ಹೋಗುವುದು ಹೊತ್ತು ನೆತ್ತಿಯ ಹತ್ತಿರ ಇರುವಾಗ ಮಾತ್ರ, 10ರಿಂದ 2ರ ನಡುವೆ, ಬಿಸಿಲು ಬೆನ್ನಿಗೆ ಇರಬೇಕು. ಕಂದು ಕಂಡರೆ ಹವಳ, ತಿಳಿ ಹಸಿರು ಕಂಡರೆ ಮರಳು. ಲಂಗರು ಮರಳಿಗೇ ಬೀಳಬೇಕು. ಹವಳದ ಮೇಲೆ ಸರಪಳಿ ಒಂದು ರಾತ್ರಿ ಸುತ್ತಿದರೆ ಎಷ್ಟೋ ವರ್ಷ ಬೆಳೆದದ್ದು ಪುಡಿ. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲೂ ಅದಕ್ಕೇ ಲಂಗರು ಬಿಡಬಾರದು. ಅಲ್ಲಿ ರಾತ್ರಿ ನಿಲ್ಲುವಂಥ ಮರೆಯೂ ಇಲ್ಲ, ಸುತ್ತ ಕಡಿದಾದ ಬಂಡೆ.

ಅಂಕೋಲೆ ಅಕ್ಕ
ಲಕ್ಷದ್ವೀಪದ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಇವೆಲ್ಲ 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕೊಬ್ಬರಿ, ನಾರಿನ ಹಗ್ಗ ಹೊತ್ತ ಓಡಗಳು ಮಂಗಳೂರಿಗೆ ಬರುತ್ತಿದ್ದವು.

ಬೈತಖೋಲ ಬಂದರು
ಕೂರ್ಮಗಡಕ್ಕೆ ವಾಪಸ್ ಬನ್ನಿ. ದೀಪದ ವಿಷಯ ಯಾರೂ ಹೇಳಲಿಲ್ಲ. ರಾತ್ರಿ ಪೂರ್ತಿ, ಸುತ್ತಲೂ ಕಾಣುವ ಒಂದು ಬಿಳಿ ದೀಪ, ಎರಡು ನಾಟಿಕಲ್ ಮೈಲು ಕಾಣುವಂಥದ್ದು, ಎತ್ತರದಲ್ಲಿ ಕಟ್ಟಿ. ಬೆಳಗಿನ ಜಾವ ಬಂದರಿನಿಂದ ಟ್ರಾಲರ್‌ಗಳು ಸಾಲಾಗಿ ಹೊರಡುತ್ತವೆ. ಅವರ ಕಣ್ಣು ಮುಂದಿನ ಬೋಟಿನ ಮೇಲೆ, ನಿಮ್ಮ ಮೇಲಲ್ಲ. ಮೊಬೈಲ್ ಟಾರ್ಚ್ ದೀಪ ಅಲ್ಲ, ಎರಡು ಗಂಟೆಯಲ್ಲಿ ಸಾಯುತ್ತದೆ.

ಹೊರಡುವ ಮೊದಲು ಕರಾವಳಿ ಕಾವಲು ಪೊಲೀಸರಿಗೆ ಬೋಟಿನ ನಂಬರು, ಜನರ ಹೆಸರು, ಎಲ್ಲಿ ನಿಲ್ಲುವುದು, ಯಾವಾಗ ವಾಪಸ್ ಎಂದು ತಿಳಿಸಿ. ನೌಕಾನೆಲೆ ಪಕ್ಕದಲ್ಲೇ ಇರುವುದರಿಂದ ರಾತ್ರಿ ಬಂದು ವಿಚಾರಿಸಬಹುದು, ಆಧಾರ್ ಕೈಗೆ ಸಿಗುವಂತಿರಲಿ. ತೊಂದರೆಯಾದರೆ 1093 ಕರಾವಳಿ ಪೊಲೀಸ್, 1554 ತಟರಕ್ಷಣಾ ಪಡೆ. ವಿಎಚ್‌ಎಫ್ ರೇಡಿಯೊ ಇದ್ದರೆ 16ನೇ ಚಾನೆಲ್.

ಘಟ್ಟದ ಮೇಲಿನವ
ಹೊಯ್ದಾಟಕ್ಕೆ ವಾಂತಿ ಬರುವವರಿಗೆ ಏನು ಉಪಾಯ?

ಅಂಕೋಲೆ ಅಕ್ಕ
ದೂರದ ದಡ ನೋಡುತ್ತಾ ಬೋಟಿನ ನಡುವೆ ಕೂರಬೇಕು, ಮೊಬೈಲ್ ನೋಡಬಾರದು. ಹಸಿಶುಂಠಿ ಉಪ್ಪು ಹಚ್ಚಿ ಅಗಿಯಿರಿ. ಮಾತ್ರೆ ತೆಗೆದುಕೊಳ್ಳುವುದಾದರೆ ಹೊರಡುವ ಒಂದೆರಡು ಗಂಟೆ ಮೊದಲು, ಅದೂ ವೈದ್ಯರನ್ನು ಕೇಳಿ. ವಾಂತಿ ಶುರುವಾದ ಮೇಲೆ ನುಂಗಿದರೆ ಹೊರಗೇ ಬರುತ್ತದೆ. ಅವೊಮಿನ್‌ನಂಥವು ನಿದ್ದೆ ತರಿಸುತ್ತವೆ, ರಾತ್ರಿ ಕಾವಲಿನ ಪಾಳಿ ಇರುವವರು ತಿನ್ನಬಾರದು. ಅಡುಗೆಗೆ ಸಣ್ಣ ಗ್ಯಾಸ್ ಒಯ್ಯುವುದಾದರೆ ಬಳಸಿದ ಕೂಡಲೇ ಸಿಲಿಂಡರಿನಲ್ಲೇ ಬಂದ್ ಮಾಡಿ. ಆ ಅನಿಲ ಗಾಳಿಗಿಂತ ಭಾರ, ಸೋರಿದರೆ ಬೋಟಿನ ತಳದಲ್ಲಿ ಪೆಟ್ರೋಲ್ ಟ್ಯಾಂಕಿನ ಪಕ್ಕವೇ ನಿಲ್ಲುತ್ತದೆ. ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

ಕೋಡಿಬಾಗ ಕಡವು
ಇಷ್ಟೂ ಬರೆದುಕೊಂಡೆ. ಬದಲಿಸಿದ್ದು: ನೇಗಿಲು ಮಾದರಿ 10 ಕೆಜಿ, 8 ಎಂಎಂ ಸರಪಳಿ 8 ಮೀಟರ್, ನೈಲಾನ್ 60 ಮೀಟರ್. ಕೊಕ್ಕೆ ಲಂಗರು ಹೆಚ್ಚುವರಿಯಾಗಿ ಇರುತ್ತದೆ. ಲಂಗರು ಕಲ್ಲಿನಿಂದ 120 ಮೀಟರ್ ದೂರ. ಅಮಾವಾಸ್ಯೆ-ಹುಣ್ಣಿಮೆ ಬಿಟ್ಟು ಭರತ ಚಿಕ್ಕದಿರುವ ದಿನ. ಎರಡು ಗಂಟೆಗೊಬ್ಬರ ಪಾಳಿ. ಗಾಳಿ ಕೆಟ್ಟರೆ ಎಲ್ಲಿಗೆ ಓಡುವುದು?

ಬೈತಖೋಲ ಬಂದರು
ಬೈತಖೋಲಕ್ಕೇ. ಗುಡ್ಡದ ಹಿಂದಿನ ಆ ಮೂಲೆ ನೈಋತ್ಯದ ಗಾಳಿ-ತೆರೆಗೆ ಮರೆ, ಚಂಡಮಾರುತದ ಸೂಚನೆ ಬಂದಾಗ ಹೊರರಾಜ್ಯದ ಬೋಟುಗಳೂ ಬಂದು ನಿಲ್ಲುವುದು ಅಲ್ಲೇ. ಕತ್ತಲಲ್ಲಿ ಕಾಳಿ ಅಳಿವೆಗೆ ಮಾತ್ರ ನುಗ್ಗಬೇಡಿ. ಹೋಗುವ ದಿನವೇ ಬಂದರಿನ ದಾರಿಯ ದೀಪಗಳನ್ನು ಹಗಲಲ್ಲಿ ನೋಡಿಟ್ಟುಕೊಂಡು ದ್ವೀಪಕ್ಕೆ ಹೋಗಿ. ಪೆಟ್ರೋಲ್ ಮೂರು ಪಾಲು ಮಾಡಿ: ಹೋಗಲು ಒಂದು, ಬರಲು ಒಂದು, ಮೂರನೆಯದನ್ನು ಮುಟ್ಟಬಾರದು.

ಮೂಡುಗಾಳಿ
ಒಂದನೇ ಪಾಳಿಗಿಂತ ಬೆಳಗಿನ ಜಾವ 3ರಿಂದ 5ರ ಪಾಳಿ ಮುಖ್ಯ. ಅದನ್ನು ಬೋಟು ಚೆನ್ನಾಗಿ ಗೊತ್ತಿರುವವರಿಗೇ ಕೊಡಿ. ಬೋಟು ತಿರುಗಿದ ಮೇಲೆ ಹಗ್ಗಕ್ಕೆ ಕೈಯಿಟ್ಟು ಮತ್ತೊಮ್ಮೆ ನೋಡಬೇಕು, ಸಾಲುಗುರುತು ಹೊಸದಾಗಿ ಹಿಡಿಯಬೇಕು.

ಹಗ್ಗ-ಗಂಟು
ಲಂಗರಿಗೆ ಸರಪಳಿ ಜೋಡಿಸುವ ಶ್ಯಾಕಲ್‌ನ ಪಿನ್ನಿಗೆ ತಂತಿ ಸುತ್ತಿ ಬಿಗಿಯಿರಿ, ಇಲ್ಲದಿದ್ದರೆ ಅಲುಗಾಡಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೂತಿಯಲ್ಲಿ ಹಗ್ಗ ಉಜ್ಜುವ ಜಾಗಕ್ಕೆ ಹಳೇ ತೋಟದ ಪೈಪು ಸೀಳಿ ತೊಡಿಸಿ. ಹಗ್ಗ ಕಟ್ಟುವ ಗೂಟ ಬರೀ ಸ್ಕ್ರೂನಲ್ಲಿ ನಿಂತಿದೆಯೋ, ಕೆಳಗೆ ಹಲಗೆ ಕೊಟ್ಟು ಬೋಲ್ಟ್ ಹಾಕಿದ್ದಾರೋ ಬಗ್ಗಿ ನೋಡಿ. ಮತ್ತೆ ಆ 60 ಮೀಟರ್ ಹಗ್ಗದ ಒಳತುದಿ ಬೋಟಿಗೆ ಕಟ್ಟಿದ್ದೀರಾ?

ಕೋಡಿಬಾಗ ಕಡವು
ಇಲ್ಲ, ಸುರುಳಿ ಸುತ್ತಿ ಹಾಗೇ ಇಟ್ಟಿದೆ. ಈಗಲೇ ಕಟ್ಟುತ್ತೇನೆ.